ಬಡಾವಣೆ, ನಕ್ಷೆ ಮತ್ತು ನಿವಾಸಿಗಳ ಸಂಘ: ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನೆಲೆಯಿಂದ ಒಂದು ವಿವೇಚನೆ

ಪೀಠಿಕೆ

ಕರ್ನಾಟಕದ ನಗರಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕೋಟೆ, ಪೇಟೆ, ದೇವಾಲಯ ಹಾಗೂ ಗಿರಣಿಗಳ ಸುತ್ತ ಬೆಳೆದುಬಂದಿವೆ. ನಗರವಾಸಿಗಳ ನಿತ್ಯಜೀವನದ ಚೌಕಟ್ಟಾದ ‘ಬಡಾವಣೆ’ಯತ್ತಲೂ, ಅಲ್ಲಿ ರೂಪುಗೊಳ್ಳುವ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳತ್ತಲೂ ಅಷ್ಟೇ ಗಮನ ಹರಿಯಬೇಕಾಗಿದೆ. ಇಂಥ ಸಂಘಗಳು ಭೂಬಳಕೆ, ಚರಂಡಿ ಹಾಗೂ ಸಮುದಾಯ ಕಾರ್ಯಗಳ ವಿಷಯದಲ್ಲಿ ಏನನ್ನು ಸಾಧಿಸಬಲ್ಲವು, ಅವುಗಳ ಬಲ ಯಾವುದರಲ್ಲಿದೆ ಎಂಬುದನ್ನು ದಾವಣಗೆರೆಯ ದೇವರಾಜ ಅರಸು ಬಡಾವಣೆಯನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸಂಘದ ನಿಜವಾದ ಬಲವು ಅದು ಸಂಗ್ರಹಿಸುವ ವಂತಿಗೆಗಿಂತ ಹೆಚ್ಚಾಗಿ ಅದು ಕಾಪಾಡಿಕೊಳ್ಳುವ ದಾಖಲೆಯಲ್ಲಿದೆ ಎಂಬುದು ಇಲ್ಲಿನ ಪ್ರತಿಪಾದನೆ.

ನಗರದ ಹಿನ್ನೆಲೆ

ಹತ್ತಿಯ ವ್ಯಾಪಾರದಿಂದಲೂ ಬಟ್ಟೆ ಗಿರಣಿಗಳಿಂದಲೂ ಬೆಳೆದ ದಾವಣಗೆರೆಯು 1997ರಲ್ಲಿ ಜಿಲ್ಲಾ ಕೇಂದ್ರವಾಯಿತು. 2007ರಲ್ಲಿ ಇಲ್ಲಿನ ನಗರಸಭೆ ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯ ಪ್ರಕಾರ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಊರು ಬೆಳೆದ ಬಗೆಯನ್ನು ಬಡಾವಣೆಗಳ ಹೆಸರುಗಳೇ ಸೂಚಿಸುತ್ತವೆ. ಪ್ರಿನ್ಸ್ ಜಯಚಾಮರಾಜ ಬಡಾವಣೆ ಅರಸೊತ್ತಿಗೆಯ ಕಾಲವನ್ನು ನೆನಪಿಸಿದರೆ, ನಿಜಲಿಂಗಪ್ಪ ಬಡಾವಣೆ ಹಾಗೂ ದೇವರಾಜ ಅರಸು ಬಡಾವಣೆಗಳು ಏಕೀಕರಣೋತ್ತರ ಕರ್ನಾಟಕದ ಇಬ್ಬರು ಮುಖ್ಯಮಂತ್ರಿಗಳ ಹೆಸರನ್ನು ಹೊತ್ತಿವೆ.

ಬ್ಲಾಕುಗಳಾಗಿ ವಿಂಗಡಿತವಾದ ಇಂಥ ಬಡಾವಣೆಯ ನಿವಾಸಿಯು ಒಂದಲ್ಲ, ಹಲವು ಸಂಸ್ಥೆಗಳೊಡನೆ ವ್ಯವಹರಿಸಬೇಕಾಗುತ್ತದೆ. ಭೂಬಳಕೆಯ ಯೋಜನೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ್ದು. ರಸ್ತೆ, ಚರಂಡಿ, ಉದ್ಯಾನಗಳ ನಿರ್ವಹಣೆ ಮಹಾನಗರ ಪಾಲಿಕೆಯದು. ಒಳಚರಂಡಿಯಂಥ ದೊಡ್ಡ ಕಾಮಗಾರಿಗಳಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಪಾತ್ರವಿದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೊದಲ 20 ನಗರಗಳಲ್ಲಿ ದಾವಣಗೆರೆಯೂ ಒಂದಾದ ಬಳಿಕ, ಆ ಯೋಜನೆಗಾಗಿಯೇ ಸ್ಥಾಪಿತವಾದ ಕಂಪನಿಯೊಂದು ಈ ಪಟ್ಟಿಗೆ ಸೇರಿತು. ಅಗೆದ ರಸ್ತೆಯೊಂದನ್ನು ಮುಚ್ಚಬೇಕಾದವರು ಯಾರೆಂಬ ಸರಳ ಪ್ರಶ್ನೆಗೂ ಒಂಟಿ ನಿವಾಸಿಗೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಸಂಘದ ಅಗತ್ಯ ಹುಟ್ಟುವುದು ಈ ಎಡೆಯಲ್ಲಿಯೇ.

ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಏಳು ಮಂದಿ ವಯಸ್ಕರು ಸೇರಿ ಸಂಘವೊಂದನ್ನು ನೋಂದಾಯಿಸಬಹುದು. ಬೈಲಾ, ವಾರ್ಷಿಕ ಸಭೆ, ಲೆಕ್ಕಪತ್ರ ಹಾಗೂ ನಡಾವಳಿ ಪುಸ್ತಕಗಳು ಅದರ ಅಂಗಗಳು. ಪದಾಧಿಕಾರಿಗಳು ಬದಲಾದರೂ ಮನವಿಯ ಪ್ರತಿ, ಸ್ವೀಕೃತಿ ಮುದ್ರೆ, ಬಂದ ಉತ್ತರ ಇವು ಉಳಿಯಬೇಕು. ವ್ಯಕ್ತಿಯ ನೆನಪು ಸಂಸ್ಥೆಯ ನೆನಪಾಗಿ ಮಾರ್ಪಡುವುದು ಈ ಬಗೆಯಲ್ಲಿ.

ಭೂಬಳಕೆ ಮತ್ತು ವಲಯ ನಿಯಮ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಪ್ರಕಾರ ಸಿದ್ಧಗೊಳ್ಳುವ ಮಹಾಯೋಜನೆಯು ನಗರದ ನೆಲವನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಸಾರ್ವಜನಿಕ ಬಳಕೆ, ಉದ್ಯಾನ ಮೊದಲಾದ ವಲಯಗಳನ್ನಾಗಿ ವಿಂಗಡಿಸುತ್ತದೆ. ಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ತಮ್ಮ ಅಭಿಪ್ರಾಯ ಸಲ್ಲಿಸಲು ಅವಕಾಶವಿದೆ. ಅನಂತರವೂ ನಿವೇಶನವೊಂದರ ಬಳಕೆಯನ್ನು ಬದಲಿಸಬೇಕಾದರೆ ಅಧಿನಿಯಮದ 14-ಎ ಕಲಮಿನ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಪತ್ರಿಕೆಯ ಒಳಪುಟದ ಆ ಸಣ್ಣ ಪ್ರಕಟಣೆಯನ್ನು ಓದುವವರಾರು? ಅವಧಿ ಮುಗಿದ ಬಳಿಕ ಕಟ್ಟಡ ಮೇಲೇಳುವಾಗ ನಡೆಯುವ ಪ್ರತಿಭಟನೆಗಿಂತ, ಅವಧಿಯೊಳಗೆ ಸಲ್ಲಿಸಿದ ಒಂದು ಪುಟದ ಆಕ್ಷೇಪಣೆಗೆ ಕಾನೂನಿನಲ್ಲಿ ತೂಕ ಹೆಚ್ಚು.

ಬಡಾವಣೆಯೊಂದರಲ್ಲಿ ಎಲ್ಲಕ್ಕಿಂತ ದುರ್ಬಲವಾದ ನೆಲವೆಂದರೆ ಯಾರ ಹೆಸರಿನಲ್ಲೂ ಖಾತೆಯಿಲ್ಲದ ನೆಲ: ಉದ್ಯಾನ, ಆಟದ ಬಯಲು, ನಾಗರಿಕ ಸೌಲಭ್ಯ ನಿವೇಶನ. ಅದಕ್ಕೆ ರಕ್ಷಣೆ ಅನುಮೋದಿತ ಬಡಾವಣೆ ನಕ್ಷೆಯೇ. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸಿ 30 ದಿನಗಳೊಳಗೆ ಇದರ ದೃಢೀಕೃತ ಪ್ರತಿಯನ್ನು ಕೇಳಿ ಪಡೆಯಬಹುದು. ಉದ್ಯಾನ, ಆಟದ ಮೈದಾನಗಳ ಸಂರಕ್ಷಣೆಗೆಂದೇ 1985ರ ರಾಜ್ಯ ಅಧಿನಿಯಮವೊಂದಿದೆ.

ನಿವಾಸಿಗಳಿಗೆ ಈ ವಿಷಯದಲ್ಲಿ ನ್ಯಾಯಾಲಯದ ಮುಂದೆ ನಿಲ್ಲುವ ಅಧಿಕಾರವಿದೆಯೇ ಎಂಬ ಪ್ರಶ್ನೆ ಇತ್ಯರ್ಥವಾದದ್ದು ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ. ಸದಾಶಿವನಗರದ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಬಯಲನ್ನು 1976ರಲ್ಲಿ ಸರ್ಕಾರದ ಆದೇಶದ ಮೇರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಆಸ್ಪತ್ರೆ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ಮಂಜೂರು ಮಾಡಿತು. ನಿವಾಸಿಗಳ ಅರ್ಜಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ವಜಾಗೊಂಡು, ವಿಭಾಗೀಯ ಪೀಠದಲ್ಲಿ ಪುರಸ್ಕೃತವಾಯಿತು. ‘ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ’ ಎಂದು ಪ್ರಸಿದ್ಧವಾದ ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪರವಾಗಿಯೇ ತೀರ್ಪಿತ್ತಿತು. ಉದ್ಯಾನದ ನೆಲ ಕಳೆದುಹೋದರೆ ನೇರವಾಗಿ ಬಾಧಿತರಾಗುವವರು ಅಲ್ಲಿನ ನಿವಾಸಿಗಳು, ಆದ್ದರಿಂದ ಅವರು ಪ್ರಶ್ನಿಸಲು ಅರ್ಹರು ಎಂಬುದೂ, ಆಸ್ಪತ್ರೆಯಂಥ ಸದುದ್ದೇಶವೂ ಕಾನೂನುಬಾಹಿರ ಪರಿವರ್ತನೆಯನ್ನು ಸಮರ್ಥಿಸಲಾರದು ಎಂಬುದೂ ಇದರ ಸಾರ. 1976ರ ಆ ಆದೇಶ ಹೊರಬಿದ್ದಾಗ ಮುಖ್ಯಮಂತ್ರಿಗಳಾಗಿದ್ದವರು ದೇವರಾಜ ಅರಸು ಅವರೇ ಎಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ಜನಪರವೆನಿಸಿದ ಆಡಳಿತದಲ್ಲಿಯೂ ನಕ್ಷೆಯನ್ನು ಕಾಯುವವರು ಬೇಕಾಗುತ್ತಾರೆ.

ಚರಂಡಿ: ನೀರಿನ ಲೆಕ್ಕ

ದಾವಣಗೆರೆಯ ವಾರ್ಷಿಕ ಮಳೆ ಸುಮಾರು 650 ಮಿ.ಮೀ. ಮಲೆನಾಡಿಗೆ ಹೋಲಿಸಿದರೆ ಇದು ಅಲ್ಪವೇ. ಆದರೆ ಚರಂಡಿಗೆ ಮುಖ್ಯವಾದುದು ವರ್ಷದ ಮಳೆಯಲ್ಲ, ಗಂಟೆಯ ಮಳೆ. 30×40 ಅಡಿಯ ನಿವೇಶನದ ವಿಸ್ತೀರ್ಣ ಸುಮಾರು 111 ಚದರ ಮೀಟರ್. ಒಂದು ಜೋರು ಮಳೆಯಲ್ಲಿ 50 ಮಿ.ಮೀ. ಸುರಿದರೆ ಆ ಒಂದು ನಿವೇಶನದ ಮೇಲೆ ಬೀಳುವ ನೀರು ಸುಮಾರು 5,500 ಲೀಟರ್. ಅಂಥ 100 ನಿವೇಶನಗಳಿಗೆ 5.5 ಲಕ್ಷ ಲೀಟರ್. ಹೊಲವಾಗಿದ್ದಾಗ ಇದರಲ್ಲಿ ಒಂದು ಪಾಲನ್ನು ಮಣ್ಣು ಹೀರುತ್ತಿತ್ತು. ತಾರಸಿ, ಸಿಮೆಂಟು ಅಂಗಳ, ಡಾಂಬರು ರಸ್ತೆಗಳಾದ ಮೇಲೆ ಬಹುಪಾಲು ನೀರು ಒಮ್ಮೆಗೇ ಚರಂಡಿಗೆ ಇಳಿಯುತ್ತದೆ.

ಬಡಾವಣೆಯಲ್ಲಿ ಎರಡು ಜಾಲಗಳಿರುತ್ತವೆ: ಮಳೆನೀರಿನ ತೆರೆದ ಚರಂಡಿ ಮತ್ತು ಮಲಿನ ನೀರಿನ ಒಳಚರಂಡಿ. ತಾರಸಿಯ ಕೊಳವೆಯನ್ನು ಒಳಚರಂಡಿಗೆ ಜೋಡಿಸಿದರೆ ಮಳೆ ಬಂದೊಡನೆ ಮ್ಯಾನ್‌ಹೋಲ್ ಉಕ್ಕುತ್ತದೆ. ಬಚ್ಚಲು ನೀರನ್ನು ತೆರೆದ ಚರಂಡಿಗೆ ಬಿಟ್ಟರೆ ಬೇಸಿಗೆಯಲ್ಲಿ ಸೊಳ್ಳೆ. ಕೊಳವೆಯಲ್ಲಿ ಹೂಳು ತಾನಾಗಿಯೇ ಸಾಗಿಹೋಗಬೇಕಾದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಇರಬೇಕೆಂಬುದು ತಂತ್ರಜ್ಞರ ಮಾನದಂಡ. ತೆರೆದ ಚರಂಡಿಯಲ್ಲಿಯೂ ಮನೆಯ ಮುಂದೆ ವಾಹನ ಹತ್ತಿಸಲು ಕಟ್ಟಿದ ಇಳಿಜಾರು, ಚರಂಡಿಯ ಮೇಲೆ ಹಾಸಿದ ತೆಗೆಯಲಾಗದ ಚಪ್ಪಡಿ, ಹೂಳೆತ್ತಿ ದಡದಲ್ಲಿಯೇ ಬಿಟ್ಟ ಮಣ್ಣು ನೀರಿನ ಓಟವನ್ನು ಕುಗ್ಗಿಸುತ್ತವೆ. ಮಳೆಗಾಲಕ್ಕೆ ಮೊದಲೇ, ತಗ್ಗಿನ ತುದಿಯಿಂದ ಮೇಲಕ್ಕೆ ಹೂಳೆತ್ತುವಂತೆ ಪಾಲಿಕೆಯನ್ನು ಕೋರುವುದು ಹಾಗೂ ಸದಸ್ಯರ ಅಕ್ರಮ ಜೋಡಣೆಗಳನ್ನು ತಾನೇ ಸರಿಪಡಿಸಿಕೊಳ್ಳುವುದು ಸಂಘದ ಕೈಯಲ್ಲಿರುವ ಕೆಲಸ.

ಇಲ್ಲಿ ಒಂದು ಎಚ್ಚರ ಅಗತ್ಯ. ಮ್ಯಾನ್‌ಹೋಲ್ ಕಟ್ಟಿಕೊಂಡಾಗ ಯಾರನ್ನಾದರೂ ಹಣ ಕೊಟ್ಟು ಒಳಗೆ ಇಳಿಸುವುದು ಸುಲಭದ ದಾರಿಯೆಂದು ತೋರಬಹುದು. ಆದರೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸಿ ಶುಚಿಗೊಳಿಸುವ ಈ ಅಪಾಯಕಾರಿ ಕೆಲಸವನ್ನು 2013ರ ಅಧಿನಿಯಮವು ನಿಷೇಧಿಸಿದೆ. ಒಳಗಿನ ವಿಷಾನಿಲಕ್ಕೆ ಪ್ರಾಣ ತೆರುವವರು ಬಡಾವಣೆಯ ಸದಸ್ಯರಲ್ಲ. ಯಂತ್ರ ಬರುವವರೆಗೆ ಕಾಯುವುದೂ ಸಂಘವು ಮಾಡಬೇಕಾದ ನಿರ್ಣಯವೇ.

ಸಮುದಾಯ ಕಾರ್ಯ ಮತ್ತು ವಾರ್ಡ್ ಸಮಿತಿ

ಸಸಿ ನೆಡುವುದು, ವಾಚನಾಲಯ, ರಾಜ್ಯೋತ್ಸವ, ಗಣೇಶೋತ್ಸವಗಳು ಸಂಘದ ಗೋಚರ ಮುಖ. ಇವು ಜನರನ್ನು ಪರಸ್ಪರ ಪರಿಚಯಿಸುತ್ತವೆ. ಆಕ್ಷೇಪಣೆಗೆ ಸಹಿ ಬೇಕಾದಾಗ ಆ ಪರಿಚಯ ಉಪಯುಕ್ತವಾಗುತ್ತದೆ. ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಹೆಚ್ಚಿನ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿತು. ಕರ್ನಾಟಕವು 2011ರಲ್ಲಿ ತನ್ನ ಮಹಾನಗರ ಪಾಲಿಕೆಗಳ ಕಾನೂನಿಗೆ ತಿದ್ದುಪಡಿ ತಂದು, ವಾರ್ಡ್ ಸದಸ್ಯರ ಅಧ್ಯಕ್ಷತೆಯ ಸಮಿತಿಯಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡಗಳ ಇಬ್ಬರು ಹಾಗೂ ನಿವಾಸಿಗಳ ಸಂಘಗಳ ಇಬ್ಬರು ಪ್ರತಿನಿಧಿಗಳಿಗೆ ಸ್ಥಾನ ಕಲ್ಪಿಸಿತು. 2019ರ ಚುನಾವಣೆಯ ವೇಳೆಗೆ ದಾವಣಗೆರೆಯಲ್ಲಿ 45 ವಾರ್ಡ್‌ಗಳಿದ್ದವು. ಕಾನೂನು ಕೊಟ್ಟ ಸ್ಥಾನವನ್ನು ಕೇಳಿ ಪಡೆಯುವುದು ಮನವಿ ಪತ್ರದಿಂದ ಸಹಭಾಗಿತ್ವಕ್ಕೆ ಇಡುವ ಹೆಜ್ಜೆ.

ಮಿತಿಗಳು

ಸಂಘವೆಂದರೆ ಸಮಸ್ತ ಬಡಾವಣೆಯಲ್ಲ. ಸದಸ್ಯತ್ವ ಮನೆಯ ಮಾಲೀಕರಿಗಷ್ಟೇ ಸೀಮಿತವಾದರೆ ಬಾಡಿಗೆದಾರರೂ ಮನೆಗೆಲಸಕ್ಕೆ ಬರುವವರೂ ಹೊರಗುಳಿಯುತ್ತಾರೆ. ಉದ್ಯಾನವನ್ನು ರಕ್ಷಿಸಿದ ಸಂಘವೇ ಅದಕ್ಕೆ ಬೀಗ ಜಡಿದು ನೆರೆಯ ಕೇರಿಯ ಮಕ್ಕಳನ್ನು ತಡೆದರೆ, ಸಾರ್ವಜನಿಕ ನೆಲ ಬೇರೊಂದು ರೀತಿಯಲ್ಲಿ ಖಾಸಗಿಯಾದಂತೆ. ಮೇಲಿನ ಬಡಾವಣೆಯ ಚರಂಡಿ ಸುಗಮವಾದಾಗ ಆ ನೀರು ತಗ್ಗಿನ ಗುಡಿಸಲುಗಳಿಗೆ ಬೇಗನೆ ತಲುಪುತ್ತದೆ. ವಲಯ ನಿಯಮವೂ ಹಾಗೆಯೇ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಂಥ ಕಸುಬುಗಳಲ್ಲಿ ದುಡಿಮೆ ಮತ್ತು ವಾಸ ಅಕ್ಕಪಕ್ಕದಲ್ಲಿಯೇ ಬೆಳೆದಿವೆ. ಹೊಗೆಯ ದೂರು ನ್ಯಾಯವಾದುದೇ. ಆದರೆ ಕಸುಬಿಗೆ ಬೇರೆಡೆ ನೆಲೆ ಒದಗಿಸದೆ ತೆರವು ಮಾಡಿಸಿದರೆ ಅದರ ಬೆಲೆ ತೆರುವವರು ಕೂಲಿಕಾರರು.

ಉಪಸಂಹಾರ

1974ರ ಭೂಸುಧಾರಣೆಯಲ್ಲಿ ಗೇಣಿದಾರನ ಹಕ್ಕು ದಕ್ಕಿದ್ದು ಅವನು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದ್ದರಿಂದ. ಆ ಸುಧಾರಣೆಯನ್ನು ಜಾರಿಗೆ ತಂದವರ ಹೆಸರಿನ ಬಡಾವಣೆಗೂ ಈ ಪಾಠ ಅನ್ವಯಿಸುತ್ತದೆ: ಕಾನೂನು ಇದ್ದರೆ ಸಾಲದು, ಸಕಾಲದಲ್ಲಿ ಸಲ್ಲಿಸಿದ ಕಾಗದವೂ ಅದನ್ನು ಕಾಪಾಡಿದ ಕಪಾಟೂ ಬೇಕು. ಸಂಘಗಳ ನಡಾವಳಿ ಪುಸ್ತಕಗಳು, ಮನವಿಗಳು, ಕೈಬರಹದ ನಕ್ಷೆಗಳು ಪದಾಧಿಕಾರಿಗಳ ಮನೆಗಳಲ್ಲಿ ಉಳಿದು ಕಾಲಕ್ರಮೇಣ ರದ್ದಿಗೆ ಹೋಗುವ ಅಪಾಯವಿದೆ. ನಗರ ಕೇಂದ್ರ ಗ್ರಂಥಾಲಯಗಳೂ ವಿಶ್ವವಿದ್ಯಾಲಯಗಳೂ ಇವನ್ನು ಸಂಗ್ರಹಿಸಿ ಸೂಚಿ ಸಿದ್ಧಪಡಿಸಿದಲ್ಲಿ, ನಗರ ಚರಿತ್ರೆಗೆ ಹೊಸ ಆಕರ ದೊರೆಯುವುದಲ್ಲದೆ, ಉದ್ಯಾನದ ಗಡಿ ಎಲ್ಲಿತ್ತೆಂದು ಕೇಳಿಬರುವ ನಾಳಿನ ನಿವಾಸಿಗೂ ಉತ್ತರ ದೊರೆಯುತ್ತದೆ.