ಮೈನಸ್ 20ರ ಮೋಸ

ಮೈಸೂರಿನ ಲ್ಯಾಬೊಂದಕ್ಕೆ ಹೋದಾಗ ಅಲ್ಲಿನ ತಂತ್ರಜ್ಞೆ ಎರಡು ಕೊಳವೆಗಳನ್ನು ಬೆಳಕಿಗೆ ಹಿಡಿದರು. ಎರಡರಲ್ಲೂ ಒಬ್ಬರದೇ ಮೂತ್ರ. ಒಂದು 4 ಡಿಗ್ರಿಯ ಫ್ರಿಜ್ಜಿನಲ್ಲಿದ್ದದ್ದು, ತಿಳಿಯಾಗಿತ್ತು. ಇನ್ನೊಂದು ಮೈನಸ್ 20ರ ಫ್ರೀಜರ್‌ನಲ್ಲಿ ಗಟ್ಟಿಯಾಗಿ ಆಗಷ್ಟೇ ಕರಗಿದ್ದು, ತಳದಲ್ಲಿ ಬಿಳಿ ಗಸಿ ಕೂತಿತ್ತು. "ಮೇಲಿನ ತಿಳಿ ಮಾತ್ರ ತಗೊಂಡ್ರೆ ಆಲ್ಬುಮಿನ್ ಕಡಿಮೆ ಬರುತ್ತೆ ಸರ್. ಚೆನ್ನಾಗಿ ಅಲ್ಲಾಡಿಸಬೇಕು. ಆದ್ರೂ ಹೋಗಿದ್ದೆಲ್ಲ ವಾಪಸ್ ಬರಲ್ಲ" ಎಂದರು.

ಆ ಗಸಿ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ. ಹೆಚ್ಚು ತಣ್ಣಗಿಟ್ಟಷ್ಟೂ ಹೆಚ್ಚು ಭದ್ರ ಎಂಬ ಲೆಕ್ಕ ಮೈನಸ್ 20ರ ಮಟ್ಟಿಗೆ ತಲೆಕೆಳಗು. ಮೂತ್ರದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನನ್ನು ಕ್ರಿಯಾಟಿನಿನ್ ಜೊತೆ ಹೋಲಿಸಿ ನೋಡುವ ಎಸಿಆರ್ ಪರೀಕ್ಷೆ ಶುಗರ್ ಇರುವವರಿಗೆ ಗೊತ್ತೇ ಇದೆ: ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಆಲ್ಬುಮಿನ್ ದಾಟಿದರೆ ಕಿಡ್ನಿಯ ಮೇಲೆ ಕಣ್ಣಿಡಬೇಕು. 38 ಇದ್ದದ್ದು ಫ್ರೀಜರ್‌ನಲ್ಲಿ ಕುಗ್ಗಿ 27 ಆದರೆ ರೋಗಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ.

1827ರಲ್ಲಿ ತನ್ನ ವರದಿಗಳನ್ನು ಪ್ರಕಟಿಸಿದ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್‌ಗೆ ಈ ತೊಡಕಿರಲಿಲ್ಲ. ಚಮಚದಲ್ಲಿ ಮೂತ್ರ ಹಿಡಿದು ಮೋಂಬತ್ತಿಯ ಮೇಲೆ ಕಾಯಿಸಿದರೆ ಪ್ರೋಟೀನ್ ಹೆಪ್ಪುಗಟ್ಟುತ್ತಿತ್ತು. 1963ರಲ್ಲಿ ಅದೇ ಆಸ್ಪತ್ರೆಯ ಹ್ಯಾರಿ ಕೀನ್ ಮತ್ತು ಸಂಗಡಿಗರು ಪ್ರತಿಕಾಯಗಳ ನೆರವಿನಿಂದ ಅತ್ಯಲ್ಪ ಆಲ್ಬುಮಿನ್ ಅಳೆಯುವ ದಾರಿ ತೋರಿಸಿದರು. ಆಮೇಲೆ ಸಾವಿರಾರು ಸ್ಯಾಂಪಲ್ ಕೂಡಿಡುವ ಕಾಲ ಬಂತು. ನೆದರ್ಲೆಂಡ್ಸ್‌ನ ಗ್ರೊನಿಂಗೆನ್ ನಗರದ 'ಪ್ರಿವೆಂಡ್' ಅಧ್ಯಯನಕ್ಕೆ 40,856 ಮಂದಿ ಬೆಳಗಿನ ಮೊದಲ ಮೂತ್ರ ಕೊಟ್ಟರು. ಮೈನಸ್ 20ರಲ್ಲಿ ತಿಂಗಳುಗಟ್ಟಲೆ ಇಟ್ಟರೆ ಆಲ್ಬುಮಿನ್ ಇಳಿಯುತ್ತದೆಂದು 2005ರಲ್ಲಿ ಬರೆದದ್ದು ಗ್ರೊನಿಂಗೆನ್ನಿನ ಸಂಶೋಧಕರೇ.

ಕಾರಣ ಒಂದಲ್ಲ. ನೀರು ಹೆಪ್ಪುಗಟ್ಟುತ್ತಾ ಹೋದಂತೆ ಉಳಿದ ದ್ರವದಲ್ಲಿ ಲವಣ ಸಾಂದ್ರವಾಗುತ್ತದೆ, ಪ್ರೋಟೀನ್ ಗಂಟುಕಟ್ಟುತ್ತದೆ. ಮೂತ್ರ ಆಮ್ಲೀಯವಾಗಿದ್ದರೆ ಅದರಲ್ಲೇ ಇರುವ ಕಿಣ್ವಗಳು ಆಲ್ಬುಮಿನ್ ಅನ್ನು ತುಂಡರಿಸುತ್ತವೆ. ತುಂಡಾದದ್ದನ್ನು ಪರೀಕ್ಷೆಯ ಪ್ರತಿಕಾಯ ಗುರುತಿಸದೆ ಹೋಗಬಹುದು. ಫ್ರೀಜರ್‌ಗೆ ಇಡುವ ಮುನ್ನ ಕ್ಷಾರ ಸೇರಿಸಿದರೆ ನಷ್ಟ ತಗ್ಗುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದು: ಒಂದೇ ಫ್ರೀಜರ್‌ನಲ್ಲಿ, ಅಷ್ಟೇ ಕಾಲ ಇದ್ದರೂ ಒಬ್ಬರ ಸ್ಯಾಂಪಲ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಇನ್ನೊಬ್ಬರದು ಬಹಳ ಕಳೆದುಕೊಳ್ಳುತ್ತದೆ. ಹಾಗಾಗಿ ಎಲ್ಲರ ಫಲಿತಾಂಶಕ್ಕೂ ಇಷ್ಟು ಕೂಡಿಸಿಬಿಡಿ ಎಂಬ ಸೂತ್ರ ನಡೆಯುವುದಿಲ್ಲ. ವರ್ಷಗಟ್ಟಲೆ ಇಡಬೇಕಾದರೆ ಮೈನಸ್ 80 ಬೇಕು. ಬ್ರಿಟನ್ನಿನ ಸ್ಯಾಂಪಲ್ ಭಂಡಾರ ಯುಕೆ ಬಯೋಬ್ಯಾಂಕ್ ಮೂತ್ರ ಇಟ್ಟಿರುವುದು ಅಷ್ಟರಲ್ಲೇ. ಹಳೆಯ ಸ್ಯಾಂಪಲ್ ನಂಬಿ ಬರೆದ ಪ್ರಬಂಧದಲ್ಲಿ ಫ್ರೀಜರ್‌ನ ಡಿಗ್ರಿಯೇ ಇಲ್ಲದಿದ್ದರೆ ಅದರ ತೀರ್ಮಾನವನ್ನು ನಾನಂತೂ ಪೂರ್ತಿ ಒಪ್ಪಲಾರೆ.

ಹಾಗಂತ ಸ್ಯಾಂಪಲ್ಲನ್ನು ಹೊರಗಿಟ್ಟುಕೊಂಡೂ ಕೂರುವಂತಿಲ್ಲ. ಸೆಕೆಯಲ್ಲಿ ಬ್ಯಾಕ್ಟೀರಿಯಾ ಯೂರಿಯಾವನ್ನು ಅಮೋನಿಯಾ ಮಾಡುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದ ರಕ್ತಕಣಗಳು ಒಡೆದುಹೋಗುತ್ತವೆ. ಆ ಪರೀಕ್ಷೆಗೆ 2 ಗಂಟೆಯೊಳಗೆ ಲ್ಯಾಬ್ ಸೇರಬೇಕು. ಎಸಿಆರ್‌ಗಾದರೆ, ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋ 2024ರಲ್ಲಿ ಹೇಳಿದಂತೆ, 4 ಡಿಗ್ರಿಯಲ್ಲಿ 7 ದಿನದವರೆಗೆ ಇಡಬಹುದು. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರು ರಾತ್ರಿಯೇ ಲ್ಯಾಬಿನ ಡಬ್ಬಿ ತರಿಸಿಟ್ಟುಕೊಂಡು, ಬೆಳಗ್ಗೆ ಹಿಡಿದು, ಮುಚ್ಚಳ ಬಿಗಿ ಮಾಡಿ ತಂದರೆ ಸಾಕು. ತಡವಾಗುವುದಾದರೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ, ಐಸ್ ಕಟ್ಟುವ ಮೇಲಿನ ಪೆಟ್ಟಿಗೆಯಲ್ಲಿ ಬೇಡ.