ದಿಬ್ಬದಿಂದ ಬಾವುಟದವರೆಗೆ

ಹಂಪಿಯ ಮಹಾನವಮಿ ದಿಬ್ಬ. ಕಲ್ಲಿನ ಪಟ್ಟಿಗಳನ್ನು ಹತ್ತಿರದಿಂದ ನೋಡಿ: ಆನೆ, ಒಂಟೆ, ಬೇಟೆಗಾರರು, ಕುಣಿಯುವ ಹೆಂಗಸರು, ಕುದುರೆ ಹಿಡಿದು ನಿಂತ ಪರದೇಶಿಗಳು. ಹಬ್ಬಕ್ಕೆ ಬಂದವರೆಲ್ಲ ಇಲ್ಲೇ ಉಳಿದುಬಿಟ್ಟಂತಿದೆ!

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಕಾಲದ ಒಂಬತ್ತು ದಿನಗಳ ಮಹಾನವಮಿ ಉತ್ಸವವನ್ನು ಕಣ್ಣಾರೆ ಕಂಡು ಬರೆದಿಟ್ಟ. ಕುಸ್ತಿ, ನೃತ್ಯ, ಬಾಣಬಿರುಸು, ಸಿಂಗರಿಸಿದ ಕುದುರೆಗಳು, ಮೈತುಂಬ ಒಡವೆ ತೊಟ್ಟ ಅರಮನೆಯ ಹೆಂಗಸರು.

1565ರಲ್ಲಿ ರಾಜಧಾನಿ ಹಂಪಿ ಹಾಳಾಯಿತು. ಹಬ್ಬ ಮಾತ್ರ ದಕ್ಷಿಣಕ್ಕೆ ನಡೆಯಿತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಚರಿಸಿದ ದಸರಾ, ಮುಂದೆ ಮೈಸೂರಿನ ನಾಡಹಬ್ಬವಾಯಿತು. ಅದರ ತವರು ಈ ದಿಬ್ಬ ಎಂಬುದನ್ನು ಜಂಬೂಸವಾರಿ ನೋಡುವ ಎಲ್ಲರೂ ತಿಳಿಯಬೇಕು.

ಹಂಪಿ ಸೀಮೆಯ ಹಬ್ಬ ಅರಮನೆಯದಷ್ಟೇ ಅಲ್ಲ.

ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳಲ್ಲಿ ಮೊಹರಂ ಎಂದರೆ ಪೀರಲ ದೇವರ ಹಬ್ಬ. ಹಿಂದೂಗಳೂ ಹರಕೆ ಹೊತ್ತು ಸಕ್ಕರೆ ಓದಿಸುತ್ತಾರೆ, ಅಲಾಯಿ ಕುಣಿಯುತ್ತಾರೆ. ಸಂಡೂರಿನ ತಾಂಡಾಗಳಲ್ಲಿ ದೀಪಾವಳಿ ಬಂತೆಂದರೆ ಕನ್ನಡಿ, ಕವಡೆ ಹೊಲಿದ ಲಂಬಾಣಿ ಉಡುಪು ಹೊರಬರುತ್ತದೆ. 2010ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದ ಕಸೂತಿ ಅದು.

ಇನ್ನು ಹಂಪಿಯ ಪಕ್ಕದ ಹೊಸಪೇಟೆ. 2022ರ ಆಗಸ್ಟ್ 15, ಸ್ವಾತಂತ್ರ್ಯದ ಅಮೃತ ಮಹೋತ್ಸವ. ಪುನೀತ್ ರಾಜ್‌ಕುಮಾರ್ ಕ್ರೀಡಾಂಗಣದ 405 ಅಡಿ ಎತ್ತರದ ಕಂಬದಲ್ಲಿ ತ್ರಿವರ್ಣ ಧ್ವಜ ಏರಿತು. ಊರಿನ ಜನ ತಲೆಯೆತ್ತಿ ನಿಂತು ನೋಡಿದರು.