ಬಾಟಲಿಯಲ್ಲಿ ತಂದ ಕಡಲು

ಜನವರಿಯಲ್ಲಿ ಆಫೀಸಿನ ಗೆಳೆಯರ ಜೊತೆ ಕಾರವಾರಕ್ಕೆ ಹೋಗಿದ್ದೆ. ನಾನು ಜೇವರ್ಗಿಯವನು. ನಮ್ಮೂರಿಂದ ಸಮುದ್ರ ಅಂದ್ರೆ ಒಂದು ರಾತ್ರಿಯ ಬಸ್ ಪ್ರಯಾಣ. ಉಳಿದವರು ಸೆಲ್ಫಿ ತೆಗೀತಿದ್ದರೆ, ನಾನು ಇಳಿತದ ಹೊತ್ತಲ್ಲಿ ಬಯಲಾದ ಬಂಡೆಗಳ ಮೇಲೆ ಕೂತಿದ್ದೆ.

ಬಂಡೆಗೆ ಅಂಟಿಕೊಂಡು ಕಂದು ಬಣ್ಣದ ಕಡಲಪಾಚಿ ರಾಶಿಯಾಗಿ ಮಲಗಿತ್ತು. ಹೆಸರು ಸರ್ಗಾಸಮ್. ತುಂಬ ಜೋಳದ ಕಾಳಿನಂಥ ಗಾಳಿಗುಳ್ಳೆಗಳು. ನೀರು ಏರಿದಾಗ ಪಾಚಿಯನ್ನು ಎತ್ತಿ ನಿಲ್ಲಿಸೋದು ಇವೇ. ವಿಡಿಯೋಗಳಲ್ಲಿ ನೋಡುವ ಕೆಲ್ಪ್ ಕಾಡುಗಳು ಕ್ಯಾಲಿಫೋರ್ನಿಯಾ, ದಕ್ಷಿಣ ಆಫ್ರಿಕಾದಂಥ ತಣ್ಣನೆ ಕಡಲಿನವು. ನಮ್ಮ ಬೆಚ್ಚನೆ ನೀರಲ್ಲಿ ಅವು ಬೆಳೆಯಲ್ಲ. ಇಲ್ಲಿ ಸಣ್ಣ ಜೀವಿಗಳಿಗೆ ಮನೆ ಕೊಡೋದು ಅದೇ ಕಂದು ಪಾಚಿ ಗುಂಪಿನ ಸರ್ಗಾಸಮ್.

ಒಂದು ಹಿಡಿ ಕಿತ್ತು, ಬಿಳಿ ಡಬ್ಬಿಯ ನೀರಲ್ಲಿ ಅಲ್ಲಾಡಿಸಿದೆ. ನೀರೇ ಜೀವಂತವಾಯ್ತು! ಕಾಳುಮೆಣಸಿನಷ್ಟು ಬಸವನಹುಳುಗಳು. ಬೆನ್ನು ಬಾಗಿಸಿ ಪಕ್ಕಕ್ಕೆ ಈಜುವ ಆಂಫಿಪಾಡ್‌ಗಳು. ಅವುಗಳ ಬಳಗದ್ದೇ ಇನ್ನೊಂದು, ಅಸ್ಥಿಪಂಜರ ಸೀಗಡಿ: ಕಡ್ಡಿಯಂಥ ಮೈ, ಸೂರ್ಯನ ಕುದುರೆಯಂತೆ ಮಡಚಿದ ಮುಂಗಾಲು, ಹಿಂಗಾಲಿನಲ್ಲಿ ಪಾಚಿಯ ಎಳೆಯನ್ನು ಗಟ್ಟಿಯಾಗಿ ಹಿಡಿದಿತ್ತು.

ಸಂಕ್ರಾಂತಿಗೆ ಅಕ್ಕ ಆಳಂದದಿಂದ ಮನೆಗೆ ಬಂದಿದ್ದಳು. ಅವಳ ಏಳು ವರ್ಷದ ಮಗನಿಗೆ ತೋರಿಸಬೇಕು ಅಂತ ಎಲ್ಲವನ್ನೂ ನೀರಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ತಂದೆ. ಬೆಳಿಗ್ಗೆ ತೆಗೆದರೆ ಗಬ್ಬು ವಾಸನೆ. ಒಂದೂ ಅಲ್ಲಾಡಲಿಲ್ಲ.

"ಮಾಮಾ, ನೀರು ಹಾಕೇ ತಂದೀ ಅಲ್ಲ, ಮತ್ತ ಯಾಕ ಸತ್ತವು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವ್ವ ಒಳಗಿಂದಲೇ ಅಂದಳು, "ಜೀವದ ಮ್ಯಾಲ ಮುಚ್ಚಳ ಬಿಗದ್ರ ಇನ್ನೇನಾಗ್ತದ?"

ಆಮೇಲೆ ಓದಿಕೊಂಡೆ. ಅವ್ವ ಹೇಳಿದ್ದು ಸರಿ. ಬೆಳಕಿದ್ದಾಗ ಪಾಚಿ ಆಮ್ಲಜನಕ ಕೊಡುತ್ತೆ, ಕತ್ತಲಲ್ಲಿ ತಾನೇ ಅದನ್ನು ಬಳಸುತ್ತೆ. ಬ್ಯಾಗಿನೊಳಗೆ ರಾತ್ರಿಯಿಡೀ ಕತ್ತಲು, ಮೇಲೆ ನೂರಾರು ಜೀವಿಗಳು. ಬಂಡೆಯ ಮೇಲಾದರೆ ಪ್ರತಿ ಅಲೆ ಹೊಸ ನೀರು ತರುತ್ತೆ. ನೀರು ಇಳಿದಾಗ ಒದ್ದೆ ಪಾಚಿಯೇ ಬಿಸಿಲಿಗೆ ಮರೆ.

ಇನ್ನೊಂದು ವಿಷಯ ಹೆಚ್ಚು ಚುಚ್ಚಿತು. ಆಂಫಿಪಾಡ್ ತಾಯಿ ಮೊಟ್ಟೆಗಳನ್ನು ಹೊಟ್ಟೆ ಕೆಳಗಿನ ಚೀಲದಲ್ಲೇ ಹೊತ್ತು ತಿರುಗುತ್ತಾಳೆ. ಮರಿಗಳು ಪುಟಾಣಿ ದೊಡ್ಡವರಂತೆಯೇ ಹೊರಬರುತ್ತವೆ. ಎಷ್ಟೋ ಕಡಲ ಜೀವಿಗಳ ಮರಿಗಳಂತೆ ನೀರಲ್ಲಿ ತೇಲಿ ದೂರ ಹೋಗಲ್ಲ. ಅಂದ್ರೆ ನಾನು ಕಿತ್ತ ಒಂದು ಹಿಡಿಯಲ್ಲಿ ಸಂಸಾರಗಳೇ ಇದ್ದಿರಬೇಕು. ಇವು ಪಾಚಿಯ ಮೇಲಿನ ಕೊಳೆ ಮೇಯುತ್ತವೆ, ಮೀನುಗಳು ಇವನ್ನು ತಿನ್ನುತ್ತವೆ. ನಮ್ಮ ತಟ್ಟೆಯ ಮೀನಿನ ಲೆಕ್ಕದಲ್ಲಿ ಇವೂ ಇವೆ.

ಬಾಟಲಿ ಇಟ್ಟಿದ್ದು ಪಡಸಾಲೆಯ ಶಹಾಬಾದ್ ಫರಸಿ ಮೇಲೆ. ಆ ಸುಣ್ಣಕಲ್ಲೂ 50 ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಕೆಸರು. ಕಡಲು ನಮ್ಮ ಕಾಲಡಿಯಲ್ಲೇ ಇತ್ತು, ಬಾಟಲಿಯಲ್ಲಿ ತರಬೇಕಿರಲಿಲ್ಲ.

ಮರುದಿನ ಅಳಿಯನನ್ನು ಕರ್ಕೊಂಡು ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋದೆ. ಅವನ ಆಳಂದದ ಕಡೆಯ ಅಮರ್ಜಾ ಅಲ್ಲೇ ಭೀಮೆಗೆ ಸೇರೋದು. ಈ ಸಲ ಏನೂ ಕೀಳಲಿಲ್ಲ. ದಂಡೆಯ ನೀರುಗಿಡಗಳ ಬುಡದಿಂದ ಬಿಳಿ ತಟ್ಟೆಗೆ ನೀರು ಮೊಗೆದೆವು. ಬಸವನಹುಳು, ಗಾಜಿನಂಥ ಪುಟ್ಟ ಸೀಗಡಿ, ಏರೋಪ್ಲೇನ್ ಚಿಟ್ಟೆಯ ಮರಿ. ಮೊಬೈಲಿನಲ್ಲಿ ಜೂಮ್ ಮಾಡಿ ಫೋಟೋ ತೆಗೆದೆವು.

ನೀವೂ ಕಡಲಿಗೆ ಹೋದರೆ ಇಳಿತದ ಸಮಯ ನೋಡಿಕೊಂಡು ಹೋಗಿ. ಜಾರದ ಚಪ್ಪಲಿ ಹಾಕಿ, ಪಾಚಿ ತುಳಿಯಬೇಡಿ. ಎತ್ತಿದ ಕಲ್ಲನ್ನು ಹಾಗೇ ಮೊದಲಿನಂತೆ ಇಡಿ. ಅಲೆ ಏರೋ ಮೊದಲೇ ದಡಕ್ಕೆ ಬನ್ನಿ.

ಐದು ನಿಮಿಷ ಆಗಿರಲಿಲ್ಲ. ಅಳಿಯ ತಟ್ಟೆ ಕೈಗೆ ತಗೊಂಡ. "ಸಾಕು ಮಾಮಾ, ಬಿಟ್ಟುಬಿಡೂನು" ಅಂದ. ತಾನೇ ಬಗ್ಗಿ, ಮೆಲ್ಲಗೆ ನದಿಗೆ ಸುರಿದ.